ನಾಲ್ಕು ಬೆರಳು ಬಿಟ್ಟು ತುಂಬುವ ಡಬ್ಬಿ

ಒಂದು ಡಬ್ಬಿಗೆ ಎಷ್ಟು ಹಿಟ್ಟು ತುಂಬುತ್ತೀರಿ ಎಂದು ನನ್ನ ತಮ್ಮನ ಎದುರಿಗೆ ಕೇಳಿದಾಗ ನಾನು ನಿಜ ಹೇಳಲಿಲ್ಲ. ಹೇಳಬೇಕಾಗಿದ್ದದ್ದು ಒಂದೇ ಮಾತು. ಅದನ್ನು ನುಂಗಿಕೊಂಡೆ. ಅದರಿಂದಾಗಿ ಓದು ಬರಹ ಬಲ್ಲ ನನ್ನ ತಮ್ಮ ತಾನೇ ದಡ್ಡ ಎಂದುಕೊಂಡು ವಾರಗಟ್ಟಲೆ ತಲೆ ತಗ್ಗಿಸಿ ಓಡಾಡಿದ. ನಾನು ಪಕ್ಕದಲ್ಲೇ ಇದ್ದು ನೋಡಿದೆ.

ನಮ್ಮದು ಇಡ್ಲಿ ದೋಸೆ ಹಿಟ್ಟಿನ ವ್ಯಾಪಾರ. ಉಡುಪಿಯ ಕಡೆಯಿಂದ ಬಂದವರು ಈ ಊರಿನಲ್ಲಿ ಇನ್ನೇನು ಮಾಡುತ್ತಾರೆ? ಹೋಟೆಲ್ ಇಡುತ್ತಾರೆ, ಇಲ್ಲವೇ ಹೋಟೆಲಿನವರಿಗೆ ಬೇಕಾದ್ದನ್ನು ಮಾಡಿಕೊಡುತ್ತಾರೆ. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವಳು. ತಮ್ಮ ಓದಲಿ ಎಂದು ಅಕ್ಕ ಶಾಲೆ ಬಿಟ್ಟಳು ಎಂದು ನೆಂಟರ ಮನೆಗಳಲ್ಲಿ ಒಂದು ಕಥೆ ಇದೆ. ನನಗೆ ಭಾಗಾಕಾರ ಬರುತ್ತಿರಲಿಲ್ಲ, ಅಷ್ಟೇ ವಿಷಯ. ಕಥೆ ಚೆನ್ನಾಗಿದೆ ಎಂದು ನಾನೂ ತಿದ್ದಲು ಹೋಗಿಲ್ಲ.

ಡೊಂಬಿವಲಿಯ ಚಾಳಿನಲ್ಲಿ ಒಂದು ಗ್ರೈಂಡರಿನಿಂದ ಶುರುವಾದದ್ದು. ಈಗ ಮಹಾಪೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬಾಡಿಗೆಗೆ ಹಿಡಿದ ದೊಡ್ಡ ಜಾಗ, ಸಾಲಾಗಿ ಒಂಬತ್ತು ಗ್ರೈಂಡರ್, ಮೂರು ಟೆಂಪೋ. ಠಾಣೆಯಿಂದ ನೆರೂಳದವರೆಗೆ, ಈ ಕಡೆ ಡೊಂಬಿವಲಿ, ಕಲ್ಯಾಣದ ತನಕ ನಮ್ಮ ಡಬ್ಬಿ ಹೋಗುತ್ತದೆ. ಗಂಡ ತೀರಿಕೊಂಡ ಮೇಲೆ ನಾನು ಠಾಕುರ್ಲಿಯಲ್ಲಿ ತಮ್ಮನ ಮನೆಯಲ್ಲೇ ಇದ್ದೇನೆ. ಆಫೀಸು ಅವನದು, ಹಿಟ್ಟು ನನ್ನದು. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೋಟೆಲಿನವರು ಹಿಟ್ಟನ್ನು ಕಿಲೋದಲ್ಲಿ ಕೇಳುವುದಿಲ್ಲ, ಡಬ್ಬಿಯಲ್ಲಿ ಕೇಳುತ್ತಾರೆ. ನಾಳೆಗೆ ಆರು ಡಬ್ಬಿ ಎಂದರೆ ಅವರ ಬಾಗಿಲಲ್ಲಿ ಮುಚ್ಚಳ ತೆಗೆದಾಗ ಆರೂ ಡಬ್ಬಿ ಕಂಠದ ತನಕ ತುಂಬಿರಬೇಕು. ಆದರೆ ಹಿಟ್ಟು ಸಿಮೆಂಟಿನ ಹಾಗೆ ಹಾಕಿದಷ್ಟೇ ಇರುವುದಿಲ್ಲ, ದಾರಿಯಲ್ಲಿ ಉಬ್ಬುತ್ತದೆ. ಮಹಾಪೆಯಿಂದ ನೆರೂಳಕ್ಕೆ ಟೆಂಪೋ ಬೇಗ ತಲುಪುತ್ತದೆ, ಹಿಟ್ಟಿಗೆ ಮೈ ಮುರಿಯಲೂ ಸಮಯ ಸಿಗುವುದಿಲ್ಲ. ಅದಕ್ಕೆ ಡಬ್ಬಿಯ ಬಾಯಿಂದ ಎರಡು ಬೆರಳು ಜಾಗ ಬಿಟ್ಟರೆ ಸಾಕು. ಕಲ್ಯಾಣದ ಟೆಂಪೋ ಶಿಳ್ ಫಾಟಾ ಎಂಬ ಕೂಡುರಸ್ತೆಯಲ್ಲಿ ಲಾರಿಗಳ ನಡುವೆ ಸಿಕ್ಕಿಬೀಳುತ್ತದೆ. ಬಿಸಿಲಿಗೆ ನಿಂತ ಟೆಂಪೋದೊಳಗೆ ಹಿಟ್ಟು ಒಂದು ರಾತ್ರಿಯ ಕೆಲಸವನ್ನು ಅರ್ಧ ಬೆಳಗಿನಲ್ಲಿ ಮುಗಿಸುತ್ತದೆ. ಅದಕ್ಕೆ ನಾಲ್ಕು ಬೆರಳು. ಏಪ್ರಿಲ್ ಬಂದರೆ ಐದು. ಮಳೆಗಾಲದಲ್ಲಿ ಮತ್ತೆ ಕಡಿಮೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ನಾನು ಬೆರಳಿಟ್ಟು ನೋಡುತ್ತೇನೆ, ಗೊತ್ತಾಗುತ್ತದೆ.

ಕಲ್ಯಾಣದಲ್ಲಿ ನಮ್ಮ ಊರಿನ ಕಡೆಯವರದೇ ಒಂದು ದೊಡ್ಡ ಹೋಟೆಲ್ ಇದೆ. ಅವರು ಇನ್ನೂ ಮೂರು ಕಡೆ ಹೋಟೆಲ್ ತೆರೆಯುವವರಿದ್ದರು. ಎಲ್ಲದಕ್ಕೂ ನಿಮ್ಮದೇ ಹಿಟ್ಟು ತೆಗೆದುಕೊಳ್ಳುತ್ತೇನೆ, ಆದರೆ ಮಳೆಗಾಲ ಶುರುವಾಗುವ ತನಕ ಒಂದು ದಿನವೂ ಹೆಚ್ಚುಕಡಿಮೆ ಆಗಬಾರದು ಎಂದರು. ತಮ್ಮ ಹತ್ತು ವರ್ಷದಿಂದ ಕಾಯುತ್ತಿದ್ದದ್ದು ಇಂಥ ಮಾತಿಗೆ. ಇನ್ನು ಚೀಟಿ, ಫೋನು, ಅಕ್ಕನ ನೆನಪು ಇವುಗಳಿಂದ ನಡೆಯುವುದಿಲ್ಲ, ಇಆರ್‌ಪಿ ಎನ್ನುವ ಸಾಫ್ಟ್‌ವೇರ್ ಬೇಕು ಎಂದ.

"ಇಆರ್‌ಪಿ ಅಂದ್ರೆ ಎಂತ ಮಾರಾಯ?" ಎಂದೆ.

"ಅಕ್ಕಿ ಎಷ್ಟು ಬಂತು, ಎಷ್ಟು ರುಬ್ಬಿದ್ದು, ಯಾರು ಎಷ್ಟು ಡಬ್ಬಿ ಹೇಳಿದ್ದು, ಯಾವ ಟೆಂಪೋ ಎಲ್ಲಿ ಉಂಟು, ಎಲ್ಲ ಒಂದೇ ಕಡೆ. ಯಾರು ಕೇಳಿದ್ರೂ ಒಂದೇ ಉತ್ತರ."

"ಅದು ನಾನೇ ಅಲ್ವಾ?"

"ಹೌದು, ನೀನೇ. ಆದ್ರೆ ನೀನು ಕಣ್ಣು ತೋರಿಸ್ಲಿಕ್ಕೆ ಠಾಣೆಗೆ ಹೋದ ದಿನ ಮಹಾಪೆಯಲ್ಲಿ ಇರುವುದಿಲ್ಲ. ಇದು ಇರ್ತದೆ. ಮತ್ತೆ ಇದು ನನಗೆ ಬೈಯುವುದಿಲ್ಲ."

ಅವನು ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲೇ ಕುಳಿತುಬಿಟ್ಟಿತು.

ನೋಡಿ ನೋಡಿ ಕೊನೆಗೆ ಎರಡು ಸಾಫ್ಟ್‌ವೇರ್ ಉಳಿದವು. ಮೊದಲನೆಯದನ್ನು ತೋರಿಸಲು ನಮ್ಮನ್ನು ಠಾಣೆಯ ಒಂದು ಆಫೀಸಿಗೆ ಕರೆದರು. ಎಸಿ ಎಷ್ಟಿತ್ತೆಂದರೆ ನಾನು ಸೆರಗು ಹೊದ್ದುಕೊಂಡು ಕುಳಿತೆ. ಟೈ ಕಟ್ಟಿದ ಒಬ್ಬರು ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸಿದರು. ನನಗೆ ಒಂದೂ ಅರ್ಥವಾಗಲಿಲ್ಲ. ಅರ್ಥವಾಗದ್ದು ಗೊತ್ತಾಗಬಾರದೆಂದು ಪ್ರತಿಯೊಂದಕ್ಕೂ ತಲೆಯಾಡಿಸಿದೆ. ಕೊನೆಯಲ್ಲಿ ಪರದೆಯ ಮೇಲೆ ನನ್ನ ಫೋಟೋ ಬಂತು. ಕೆಳಗೆ ಕನ್ನಡದಲ್ಲೇ ನನ್ನ ಹೆಸರು, ಅದರ ಕೆಳಗೆ 'ಪ್ರೊಡಕ್ಷನ್ ಹೆಡ್' ಎಂದು. ತಮ್ಮನಿಂದ ಮೊದಲೇ ಫೋಟೋ ತರಿಸಿಕೊಂಡಿದ್ದರಂತೆ. ಮದುವೆಯ ದಿನ ಬಿಟ್ಟರೆ ನಾನು ಅಷ್ಟು ಚೆನ್ನಾಗಿ ಕಂಡದ್ದು ಅಂದೇ.

ಇಳಿದು ಬರುವಾಗ ಲಿಫ್ಟಿನಲ್ಲಿ ತಮ್ಮ ಕೇಳಿದ, "ಹೇಗೆ ಉಂಟು?"

"ಒಳ್ಳೇದುಂಟು."

"ಎಂತ ಒಳ್ಳೇದು?"

"ಬಣ್ಣ."

ಎರಡನೆಯದರ ಕಡೆಯಿಂದ ನೆರೂಳದ ಒಬ್ಬ ಹೆಂಗಸು ಬಂದಳು. ವಯಸ್ಸು ಮೂವತ್ತರ ಹತ್ತಿರ. ಅವಳು ಏನನ್ನೂ ತೋರಿಸಲಿಲ್ಲ. ತಲೆಗೆ ಬಲೆಯ ಟೊಪ್ಪಿ ಹಾಕಿಕೊಂಡು ಎರಡು ಬೆಳಗು ಗ್ರೈಂಡರುಗಳ ನಡುವೆ ನಿಂತು ನೋಡಿದಳು. ನಮ್ಮಲ್ಲಿ ವಿಜಯಪುರದ ಒಬ್ಬಾಕೆ ಇದ್ದಾಳೆ, ನಾನಿಲ್ಲದಾಗ ಹಿಟ್ಟು ತುಂಬುವ ಕೆಲಸ ಅವಳದೇ. ಅವಳು ನನ್ನ ಕಿವಿಯಲ್ಲಿ, "ಅಕ್ಕಾರ, ಈಕಿ ಸಾಫ್ಟ್‌ವೇರ್ ಮಾರಾಕ ಬಂದಾಳೋ, ಸೊಸಿ ನೋಡಾಕ ಬಂದಾಳೋ?" ಎಂದಳು.

ಮೂರನೆಯ ದಿನ ಆಫೀಸಿನಲ್ಲಿ ಕುಳಿತು ಆ ಹೆಂಗಸು ಪ್ರಶ್ನೆ ಶುರು ಮಾಡಿದಳು. ಎಲ್ಲದಕ್ಕೂ ತಮ್ಮ ಉತ್ತರ ಹೇಳಿದ. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಮಾವಶಿ, ಡಬ್ಬೇ ಕಾ ವಜನ್ ಫಿಕ್ಸ್ ಹೈ ಕ್ಯಾ?"

ಚಿಕ್ಕಮ್ಮ, ಪ್ರತಿ ಡಬ್ಬಿಯ ತೂಕ ಒಂದೇ ಇರುತ್ತದೆಯೇ ಎಂದು. ಎರಡು ದಿನ ನನ್ನ ಬೆರಳು ನೋಡಿಯೇ ಅವಳು ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ತಮ್ಮ ಪೆನ್ನು ಹಿಡಿದು ನನ್ನ ಮುಖ ನೋಡಿದ. "ಹೇಳು ಅಕ್ಕ. ಇದರಲ್ಲಿ ನೀನು ಹೇಳಿದ್ದೇ ಕೊನೆ" ಎಂದ.

ಫಿಕ್ಸ್ ಅಲ್ಲ ಎಂದರೆ ಮುಗಿಯುತ್ತಿತ್ತು. ಹೇಳಲು ಬಾಯಿ ತೆರೆದೆ. ಲ್ಯಾಪ್‌ಟಾಪ್ ಮುಂದೆ ಕುಳಿತವರಿಗೆ ನಾಲ್ಕು ಬೆರಳು, ಐದು ಬೆರಳು ಎಂದು ಹೇಗೆ ಹೇಳುವುದು, ನಗುತ್ತಾರೆ ಎಂದು ನಾಚಿಕೆಯಾಯಿತು. ಇದು ಅರ್ಧ ಕಾರಣ. ಉಳಿದರ್ಧ ಬರೆಯಲು ಕೈ ಹಿಂಜರಿಯುತ್ತದೆ. ನನ್ನ ಬೆರಳೂ ಕಂಪ್ಯೂಟರಿನೊಳಗೆ ಹೋದರೆ ಮತ್ತೆ ನಾನು ಎಂತಕ್ಕೆ?

"ಫಿಕ್ಸ್. ಪಂದ್ರಾ ಕಿಲೋ" ಎಂದೆ.

ಅವಳು ನನ್ನ ಬೆರಳುಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ ತಮ್ಮನಿಗೆ ನೇರವಾಗಿ ಹೇಳಿದಳು: ಒಂದೇ ವಸ್ತುವನ್ನು ಡಬ್ಬಿಯಲ್ಲೂ ಕಿಲೋದಲ್ಲೂ ಬೇರೆ ಬೇರೆಯಾಗಿ ನೋಡಿಕೊಳ್ಳುವುದೇ ನಮ್ಮ ಸಾಫ್ಟ್‌ವೇರಿನ ವಿಶೇಷ, ತೂಕ ಯಾವಾಗಲೂ ಒಂದೇ ಆದರೆ ನಿಮಗೆ ಇದು ಬೇಡ, ಆ ಇನ್ನೊಂದೇ ಸಾಕು. ತನ್ನ ಮಾಲು ತಾನೇ ಬೇಡವೆಂದು ಹೇಳಿ ಚಹಾ ಕುಡಿದು ಹೋದವಳು ಅವಳೊಬ್ಬಳೇ. ಅಷ್ಟು ಪ್ರಾಮಾಣಿಕಳ ಎದುರಿಗೆ ನಾನು ಸುಳ್ಳು ಹೇಳಿದ್ದೆ.

ತಮ್ಮ ಬಣ್ಣದ್ದನ್ನು ತೆಗೆದುಕೊಂಡ. ಮೊದಲ ಕೆಲವು ವಾರ ಏನೂ ಆಗಲಿಲ್ಲ. ಯಾಕೆಂದರೆ ಕಂಪ್ಯೂಟರ್ ಹದಿನೈದು ಕಿಲೋ ಎಂದು ಬರೆದುಕೊಳ್ಳುತ್ತಿತ್ತು, ನಾನು ಬೆರಳಿಟ್ಟು ತುಂಬುತ್ತಿದ್ದೆ. ಕಂಪ್ಯೂಟರಿನಲ್ಲಿದ್ದ ಅಕ್ಕಿಗೂ ಗೋಡೌನಿನ ಅಕ್ಕಿಗೂ ತಾಳೆಯಾಗುವುದಿಲ್ಲ ಎಂದು ತಮ್ಮ ತಲೆ ಕೆರೆದುಕೊಳ್ಳುತ್ತಿದ್ದ. ನಾನು ಅವನಿಗೆ ಚಹಾ ಮಾಡಿಕೊಡುತ್ತಿದ್ದೆ.

ಏಪ್ರಿಲ್‌ನಲ್ಲಿ ನನ್ನ ಕಣ್ಣಿನ ಪೊರೆ ತೆಗೆದರು. ಹದಿನೈದು ದಿನ ಮನೆಯಲ್ಲೇ ಇರಬೇಕು, ಹಿಟ್ಟಿನ ಹತ್ತಿರ ಹೋಗಬಾರದು ಎಂದರು. ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದಲ್ಲಿ ಕುಳಿತ ನನ್ನನ್ನು ನೋಡಿ ತಮ್ಮನ ಮಗಳು, "ಆತ್ಯಾ, ಏಕ್ದಮ್ ಡಾನ್ ಲಗ್ ರಹೀ ಹೋ" ಎಂದು ನಕ್ಕಳು. ಅತ್ತೆ ಸಿನಿಮಾದ ಡಾನ್ ಹಾಗೆ ಕಾಣುತ್ತಾಳಂತೆ. ನಾನು ಮಾತ್ರ ಮಹಾಪೆಯಲ್ಲಿ ಡಬ್ಬಿ ಹೇಗೆ ತುಂಬುತ್ತಿದ್ದಾರೋ ಎಂದು ಗಡಿಯಾರ ನೋಡುತ್ತಿದ್ದೆ.

ಮಹಾಪೆಯಲ್ಲಿ ಏನಾಯಿತೆಂದು ಆಮೇಲೆ ವಿಜಯಪುರದಾಕೆ ಹೇಳಿದಳು. ಅವಳು ಮೊದಲ ದಿನವೇ, "ಸಾವ್ಕಾರ್ರ, ಕಲ್ಯಾಣದ ಡಬ್ಬಿ ಅಕ್ಕಾರು ಇಷ್ಟ ತುಂಬೂದಿಲ್ರೀ, ನಾಕೈದ್ ಬೆರಳ ಬಿಡ್ತಾರ" ಎಂದಿದ್ದಳಂತೆ. ತಮ್ಮ, "ಇಲ್ಲ, ಹದಿನೈದು ಕಿಲೋ ಅಂತ ಅಕ್ಕನೇ ಹೇಳಿದ್ದಾಳೆ. ಅಕ್ಕನಿಗಿಂತ ನಿಂಗೆ ಜಾಸ್ತಿ ಗೊತ್ತಾ?" ಎಂದು ತಕ್ಕಡಿ ತರಿಸಿದನಂತೆ. ನನ್ನ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆ.

ನೆರೂಳದವರು ಡಬ್ಬಿ ಅರೆಬರೆ ಬಂದಿದೆ ಎಂದು ಫೋನ್ ಮಾಡಿದರು. ಕಲ್ಯಾಣದಲ್ಲಿ ಮುಚ್ಚಳಗಳು ಹಾರಿದವು. ಟೆಂಪೋದ ಹಿಂಬಾಗಿಲು ತೆಗೆದಾಗ ಹಿಟ್ಟು ತಾನಾಗಿಯೇ ಇಳಿದು ಬಂತಂತೆ. ಹೋಟೆಲಿನ ಮಾಲೀಕರು ತಮ್ಮನಿಗೆ ಫೋನಿನಲ್ಲಿ, "ನಿಮ್ಮ ಸಾಫ್ಟ್‌ವೇರ್ ನಮ್ಮ ಮೆಟ್ಟಿಲು ಹತ್ತಿ ಒಳಗೆ ಬರ್ತಾ ಉಂಟು ಮಾರಾಯ್ರೆ. ಕುರ್ಚಿ ಹಾಕ್ಲಾ?" ಎಂದರು. ಒಂದಲ್ಲ, ಮೂರು ದಿನ ಹಾಗಾಯಿತು; ಅಕ್ಕನ ಅಳತೆ ತಪ್ಪಲಾರದು, ಕಂಪ್ಯೂಟರಿನ ಲೆಕ್ಕವೇ ಎಲ್ಲೋ ತಪ್ಪಿದೆ ಎಂದು ತಮ್ಮ ತಿಳಿದುಕೊಂಡ. ನಾಲ್ಕನೆಯ ದಿನ ಅವರು ತಮಾಷೆ ಮಾಡಲಿಲ್ಲ. ನಾಳೆ ಬಂದು ಮಾತಾಡಿ ಎಂದರು.

ಆ ಸಂಜೆ ತಮ್ಮ ನನ್ನ ಪಕ್ಕದಲ್ಲಿ ಬಂದು ಕುಳಿತ. "ಅಕ್ಕ, ಆರಿಸ್ಲಿಕ್ಕೆ ನನಗೇ ಬರ್ಲಿಲ್ಲ. ಆ ನೆರೂಳದವಳದ್ದು ತೆಗೊಳ್ಬೇಕಿತ್ತು. ನಿನ್ನನ್ನು ಕೂಡ ಸುಮ್ಮನೆ ಆಫೀಸು ಆಫೀಸು ಅಲೆದಾಡಿಸ್ದೆ. ಬೇಜಾರು ಮಾಡ್ಕೋಬೇಡ" ಎಂದ. ಅವನು ನನ್ನಲ್ಲಿ ಕ್ಷಮೆ ಕೇಳುತ್ತಿದ್ದ! ಕಪ್ಪು ಕನ್ನಡಕ ಇದ್ದದ್ದು ಒಳ್ಳೆಯದಾಯಿತು. ಆಗಲೂ ನಾನು ಹೇಳಲಿಲ್ಲ. ನಾಳೆ ನಾನೂ ಬರುತ್ತೇನೆ ಎಂದೆ, ಅಷ್ಟೇ.

ಠಾಕುರ್ಲಿಯಿಂದ ಕಲ್ಯಾಣ ಒಂದೇ ಸ್ಟೇಷನ್. ಮಾತು ಶುರು ಮಾಡುವಷ್ಟರಲ್ಲಿ ಇಳಿಯಬೇಕು. ನನಗೆ ಅದೂ ಒಂದು ನೆಪವಾಯಿತು.

ಹೋಟೆಲಿನಲ್ಲಿ ಮಾಲೀಕರು ನಮ್ಮನ್ನು ಮೂಲೆಯ ಟೇಬಲ್ಲಿಗೆ ಕೂರಿಸಿ ಕಾಫಿ ತರಿಸಿದರು. ನನ್ನ ತಮ್ಮ ಲೋಟ ಮುಟ್ಟಲಿಲ್ಲ. "ತಪ್ಪು ನನ್ನದು. ತಪ್ಪು ಸಾಫ್ಟ್‌ವೇರ್ ತೆಗೊಂಡೆ. ಹೊಸ ಹೋಟೆಲುಗಳಿಗೆ ನೀವು ಬೇರೆಯವರನ್ನು ನೋಡ್ಕೊಳ್ಳಿ. ನನ್ನಿಂದ ನಿಮ್ಮ ಹೆಸರು ಹಾಳಾಗುವುದು ಬೇಡ" ಎಂದ. ಅವನ ಹತ್ತು ವರ್ಷದ ಆಸೆಯನ್ನು ಅವನೇ ಒಂದು ಲೋಟ ಕಾಫಿಯ ಎದುರು ಬಿಟ್ಟುಕೊಡುತ್ತಿದ್ದ.

"ಇವನ ತಪ್ಪಲ್ಲ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಡಬ್ಬಿ ಹದಿನೈದು ಕಿಲೋ ಅಲ್ಲ. ಯಾವತ್ತೂ ಅಲ್ಲ. ಒಂದು ಖಾಲಿ ಡಬ್ಬಿ ತರಿಸಿ."

ಡಬ್ಬಿ ಬಂತು. ನಾನು ಅದರ ಬಾಯಿಗೆ ಕೈಯಿಟ್ಟು ತೋರಿಸಿದೆ. ಇದು ನೆರೂಳಕ್ಕೆ. ಇದು ಠಾಣೆಗೆ. ಇದು ನಿಮಗೆ, ಶಿಳ್ ಫಾಟಾ ಇದೆಯಲ್ಲ, ಅದಕ್ಕೆ. ಏಪ್ರಿಲ್‌ನಲ್ಲಿ ಹೆಬ್ಬೆರಳೂ ಸೇರಿ. ಮಾಲೀಕರು ತಾವೂ ಡಬ್ಬಿಯೊಳಗೆ ಕೈಯಿಟ್ಟು ನೋಡಿದರು.

"ನನ್ನ ಬೆರಳು ದಪ್ಪ. ಮೂರು ಸಾಕಲ್ವಾ?"

"ನಿಮ್ಮದು ಬೇಡ. ನಂದೇ ಅಳತೆ."

ಅವರು ನಗಾಡಿದರು. "ಎಂತ ಅಕ್ಕ, ಇಷ್ಟು ವರ್ಷ ನಾವು ಶಿಳ್ ಫಾಟಾದ ಟ್ರಾಫಿಕ್ಕನ್ನೂ ಸೇರಿಸಿಯೇ ದೋಸೆ ಮಾರ್ತಾ ಇದ್ದದ್ದಾ?" ಎಂದರು. ಆಮೇಲೆ ತಮ್ಮನಿಗೆ, "ಇನ್ನು ಹದಿನೈದು ದಿನ ನೋಡುವ. ಡಬ್ಬಿ ಮೊದಲಿನ ಹಾಗೆ ಬಂದ್ರೆ ಮೊದಲಿನ ಮಾತು" ಎಂದರು. ತಮ್ಮ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ನನ್ನ ಕಡೆ ನೋಡಲಿಲ್ಲ.

ಸ್ಟೇಷನ್ನಿನವರೆಗೂ ಅವನು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ಪ್ಲಾಟ್‌ಫಾರಂ ಮೇಲೆ ನಿಂತು ಅವನು ನೆರೂಳದ ಹೆಂಗಸಿಗೆ ಫೋನ್ ಮಾಡಿದ. ಅವತ್ತು ಕೇಳಿದ ಪ್ರಶ್ನೆ ಇನ್ನೊಮ್ಮೆ ಕೇಳುತ್ತೀರಾ ಎಂದು ಹಿಂದಿಯಲ್ಲಿ ಹೇಳಿ ಫೋನನ್ನು ನನ್ನ ಕಿವಿಗೆ ಹಿಡಿದ. ಆ ಕಡೆಯಿಂದ ನಗು ಕೇಳಿಸಿತು. ಯಾವ ಪ್ರಶ್ನೆ ಎಂದು ಅವಳು ಕೇಳಲೇ ಇಲ್ಲ.

"ಮಾವಶಿ, ಡಬ್ಬೇ ಕಾ ವಜನ್ ಫಿಕ್ಸ್ ಹೈ ಕ್ಯಾ?"

"ನಹೀ" ಎಂದೆ.

"ಮಾಲೂಮ್ ಥಾ" ಎಂದಳು. ಅವಳಿಗೆ ಆಗಲೇ ಗೊತ್ತಿತ್ತಂತೆ. ಸೋಮವಾರ ಬರುತ್ತೇನೆ, ನಿಮ್ಮ ಬೆರಳಿನ ಅಳತೆ ತೆಗೆಯಲು ಪಟ್ಟಿ ತರುತ್ತೇನೆ, ಆದರೆ ಶಿಳ್ ಫಾಟಾ ಯಾವ ದಿನ ಹೇಗಿರುತ್ತದೆ ಎಂದು ಪ್ರತಿ ಬೆಳಿಗ್ಗೆ ನೀವೇ ಹೇಳಬೇಕು, ಅದು ಯಾವ ಸಾಫ್ಟ್‌ವೇರಿಗೂ ಗೊತ್ತಾಗುವುದಿಲ್ಲ ಎಂದಳು.

ಫೋನ್ ಇಟ್ಟ ಮೇಲೆ ತಮ್ಮ ಮೊದಲ ಸಲ ನನ್ನ ಮುಖ ನೋಡಿದ. "ಯಾಕೆ ಅಕ್ಕ?" ಎಂದ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಅವನು ಬೈಯಲಿಲ್ಲ.

ಲೋಕಲ್ ಬರುತ್ತಿತ್ತು. ಹತ್ತಿದರೆ ಮತ್ತೆ ಒಂದೇ ಸ್ಟೇಷನ್, ಮತ್ತೆ ಮಾತು ಉಳಿಯುತ್ತದೆ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. ಜನ ನಮ್ಮನ್ನು ತಳ್ಳಿಕೊಂಡು ಹತ್ತಿದರು. ಗಾಡಿ ಹೋಗಲಿ ಎಂದು ಬಿಟ್ಟು, ಅದರ ಸದ್ದಿಗಿಂತ ಜೋರಾಗಿ ಹೇಳಿದೆ:

"ಗೊತ್ತಿದ್ದೇ ಸುಳ್ಳು ಹೇಳಿದ್ದು ತಮ್ಮಾ. ನನ್ನ ಬೆರಳು ಅದರೊಳಗೆ ಹೋದ್ರೆ ನಿನಗೆ ನಾನು ಬೇಡ ಆಗ್ತೇನೆ ಅಂತ ಹೆದರಿದೆ. ನೀನು ಸರಿಯಾಗಿಯೇ ಆರಿಸಿದ್ದು, ನಾನು ಹೇಳಿದ್ದು ತಪ್ಪು. ನನ್ನಿಂದ ತಪ್ಪಾಯ್ತು, ಕ್ಷಮಿಸು ಮಾರಾಯ."