ಏಳನೇ ಕುರ್ಚಿಗೆ ಇನ್ನೂರ ಮೂವತ್ತೆಂಟು ಹನಿ

ಆಫೀಸಿನಲ್ಲಿ ಬೆನ್ನ ಹಿಂದೆ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಆಯ್ತಾ ಸಾರ್’ ಎಂದು. ಎದುರಿಗೆ ಬರೀ ಸಾರ್. ಯಾರಿಗೇ ಒಂದು ಕೆಲಸ ಹೇಳಲಿ, ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು “ಆಯ್ತಾ?” ಎನ್ನುವುದು ಅವರ ಹುಟ್ಟುಗುಣ. ಲಿಫ್ಟಿನ ಗುಂಡಿ ಒತ್ತಿ ಲಿಫ್ಟನ್ನೂ ಹಾಗೇ ಕೇಳುತ್ತಿದ್ದರು. ಇನ್ನು ಮನೆಯ ಕಥೆ ಹೇಳುವುದೇ ಬೇಡ. ಹೆಂಡತಿ ಚಪ್ಪಲಿ ಮೆಟ್ಟಲು ನಿಂತರೆ ಎಡಗಾಲಿಗೊಂದು “ಆಯ್ತಾ?”, ಬಲಗಾಲಿಗೊಂದು “ಆಯ್ತಾ?”. ಮದುವೆಯಾದ ಹೊಸದರಲ್ಲಿ ಆಕೆ ಪ್ರತಿ ಸಲವೂ ಉತ್ತರ ಕೊಡುತ್ತಿದ್ದರು. ಇಪ್ಪತ್ತೆಂಟು ವರ್ಷ ಕಳೆದ ಮೇಲೆ ಈಗ ಉತ್ತರವೂ ಇಲ್ಲ, ಸಿಟ್ಟೂ ಇಲ್ಲ. ಫ್ಯಾನಿನ ಸದ್ದನ್ನು ಯಾರಾದರೂ ಕಿವಿಗೊಟ್ಟು ಕೇಳುತ್ತಾರೆಯೇ?

ಹೊಟ್ಟೆಪಾಡಿಗೆ ಅವರು ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದರು. ಹಾಗೆಂದ ತಕ್ಷಣ ಗಾಜಿನ ಕಟ್ಟಡ, ಕೊರಳಲ್ಲಿ ಕಾರ್ಡು ಎಂದೆಲ್ಲ ಊಹಿಸಿಕೊಳ್ಳಬೇಡಿ. ಪೈಪು, ನಲ್ಲಿ, ವಾಷರು ಮಾರುವ ದೊಡ್ಡ ಗೋದಾಮು. ಅದರ ಹಿಂಬದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಆ ಕೋಣೆಯಲ್ಲಿ ಇವರೊಬ್ಬರೇ. ಇವರು ಬರೆದ ಪ್ರೋಗ್ರಾಂಗಳು ಒಂದು ಫೈಲಿನಿಂದ ಅಂಕಿಗಳನ್ನು ಎತ್ತಿ ಇನ್ನೊಂದು ಫೈಲಿಗೆ ಹಾಕಿ ತೆಪ್ಪಗಾಗುತ್ತಿದ್ದವು. ಮನುಷ್ಯ ಅನ್ನುವವನು ಅವುಗಳ ಮುಂದೆ ಕೂತು ಕೆಲಸ ಮಾಡಿದ್ದನ್ನು ಇವರು ಒಂದು ದಿನವೂ ಕಂಡವರಲ್ಲ. ಹೆಂಡತಿಗೂ ಗಂಡನ ಕೆಲಸದ ತಲೆಬುಡ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ “ಪೈಪಿನ ಅಂಗಡೀಲಿ ಇದಾರೆ” ಎಂದು ಮುಗಿಸಿಬಿಡುತ್ತಿದ್ದರು. ಆ ಮಾತು ಇವರಿಗೆ ಚುಚ್ಚುತ್ತಿತ್ತು. ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಅಷ್ಟೆ.

ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಪರೀಕ್ಷೆಗೆ ಮೊದಲು ಕಣ್ಣಿನ ಪಾಪೆ ಹಿಗ್ಗಲಿ ಎಂದು ಹನಿ ಹಾಕಿ ಕೂರಿಸುತ್ತಾರಲ್ಲ, ಆ ಕೋಣೆ ಪೂರ್ತಿ ಆಕೆಯ ಸುಪರ್ದಿಯಲ್ಲಿ. ಗೋಡೆಗುಂಟ ಹದಿನಾರು ಕುರ್ಚಿಗಳು. ಒಬ್ಬೊಬ್ಬರಿಗೂ ಹತ್ತು ನಿಮಿಷಕ್ಕೊಮ್ಮೆಯಂತೆ ಮೂರು ಸಲ ಹನಿ ಬೀಳಬೇಕು. ಬಂದು ಕೂತ ಹೊತ್ತು ಮಾತ್ರ ಒಬ್ಬೊಬ್ಬರದೂ ಬೇರೆ. ಕುರ್ಚಿಯ ಬೆನ್ನಿಗೆ ಚೀಟಿ ಅಂಟಿಸಿ, ಅದರಲ್ಲಿ ಹೊತ್ತು ಗೀಚಿಕೊಂಡು ಆಕೆ ಹೇಗೋ ನಿಭಾಯಿಸುತ್ತಿದ್ದರು. ರೋಗಿಗಳು ಪ್ರೀತಿಯಿಂದ ‘ಹನಿ ಸಿಸ್ಟರ್’ ಎನ್ನುತ್ತಿದ್ದರು. ಆದರೆ ಹಿಂದಿನ ತಿಂಗಳು ಎರಡು ಚೀಟಿ ಉದುರಿಬಿದ್ದು ಒಬ್ಬರಿಗೆ ಮೂರರ ಬದಲು ಐದು ಸಲ ಹನಿ ಬಿತ್ತು. ಆ ಮಹಾನುಭಾವರು ಎರಡು ದಿನ ಪೇಪರು ಓದಲಾಗದೆ, ಮೂರನೇ ದಿನ ಬಂದು ಡಾಕ್ಟರಿಗೆ ಸರಿಯಾಗಿ ಛೀಮಾರಿ ಹಾಕಿದರು. ಡಾಕ್ಟರು ನರ್ಸುಗಳನ್ನೆಲ್ಲ ಕೂರಿಸಿಕೊಂಡು ರೇಗಿದರು. ಆಗ ಹನಿ ಸಿಸ್ಟರ್ ಎದ್ದುನಿಂತು, ಜನ್ಮದಲ್ಲಿ ಆಡದ ಮಾತನ್ನು ಆಡಿಬಿಟ್ಟರು. ತಮ್ಮ ಮನೆಯವರು ಇದಕ್ಕೊಂದು ಪ್ರೋಗ್ರಾಂ ಬರೆದುಕೊಡುತ್ತಾರೆ, ಅದಕ್ಕೆ ತಾವೇ ಜವಾಬ್ದಾರಿ ಎಂದರು. ಪೈಪಿನ ಅಂಗಡಿಯವರಾ ಎಂದು ಉಳಿದ ನರ್ಸುಗಳು ಮುಖ ಮುಖ ನೋಡಿಕೊಂಡರು.

ಸಂಜೆ ಸುದ್ದಿ ತಿಳಿದ ಆಯ್ತಾ ಸಾರ್ ಉಬ್ಬಿಹೋದರು. ಹೆಂಡತಿ ತಮ್ಮ ಮೇಲೆ ಪಣ ಕಟ್ಟಿದ್ದಾಳೆ! ಇಷ್ಟು ವರ್ಷದ ಮೇಲೆ ತಾವು ಬರೆದದ್ದನ್ನು ಅವಳು ಕೈಯಾರೆ ಮುಟ್ಟುತ್ತಾಳೆ. ಎರಡು ವಾರ ಆಫೀಸಿನಿಂದ ಬಂದವರೇ ಊಟದ ಮೇಜಿನ ಮೇಲೆ ಕಂಪ್ಯೂಟರ್ ಹರವಿಕೊಂಡು ಕೂತರು.

ಅವರು ಬರೆದದ್ದು ಸರಳವಾಗಿಯೇ ಇತ್ತು. ಪ್ರೋಗ್ರಾಂ ಒಳಗೆ ಟೈಮರ್ ಎಂಬುದೊಂದು ಇರುತ್ತದೆ. ಸೆಕೆಂಡಿಗೊಮ್ಮೆ ತಟ್ಟಿ ಎಬ್ಬಿಸು ಎಂದರೆ ಎಬ್ಬಿಸುತ್ತದೆ. ಪ್ರತಿ ಸಲ ತಟ್ಟಿದಾಗಲೂ ಎಲ್ಲ ಕುರ್ಚಿಗಳ ಲೆಕ್ಕದಿಂದ ಒಂದೊಂದು ಸೆಕೆಂಡು ಕಳೆಯುವುದು; ಯಾವುದು ಸೊನ್ನೆಗೆ ಬಂತೋ ಆ ಕುರ್ಚಿಯ ನಂಬರಿನೊಡನೆ ಪರದೆಯ ನಟ್ಟನಡುವೆ ಒಂದು ಬಾಕ್ಸು ತೆರೆದು ಪ್ರಶ್ನೆ ಕೇಳುವುದು. ಏನೆಂದು? ಇನ್ನೇನು, “ಹನಿ ಹಾಕಿ ಆಯ್ತಾ?” ಎಂದು. ಸಿಸ್ಟರ್ ‘ಹೌದು’ ಒತ್ತಿದರೆ ಒಂದು ಹನಿ ದಾಖಲಾಗಿ ಮತ್ತೆ ಹತ್ತು ನಿಮಿಷ ಶುರು. ಗಂಟೆಯ ಸದ್ದಿಟ್ಟರೆ ರೋಗಿಗಳು ಬೆಚ್ಚಿಬೀಳುತ್ತಾರೆಂದು, ತಮ್ಮ ದನಿಯಲ್ಲೇ “ಆಯ್ತಾ?” ಎಂದು ರೆಕಾರ್ಡ್ ಮಾಡಿ ಸೇರಿಸಿದರು. ಕಂಪ್ಯೂಟರಿನ ಮುಂದೆ ಕೂತು, ‘ಹೌದು’ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಐವತ್ತು ಸಲ ಪರೀಕ್ಷಿಸಿದರು. ಬಾಕ್ಸು ಬರುವುದೇ ತಡ, ಟಪ್ಪೆಂದು ಒತ್ತುವುದು. ಎಳ್ಳಷ್ಟೂ ತಪ್ಪಿಲ್ಲ. ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಕುರ್ಚಿಗಳೆಲ್ಲ ಭರ್ತಿ, ಎಲ್ಲರ ಕಣ್ಣೂ ಮುಚ್ಚಿವೆ. ಏಳನೇ ಕುರ್ಚಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು. ಅವರ ಸಮಯವಾಯಿತು, ಕಂಪ್ಯೂಟರು “ಆಯ್ತಾ?” ಎಂದಿತು. ಹನಿ ಸಿಸ್ಟರ್ ಬಾಟಲಿ ಹಿಡಿದು ಕೋಣೆಯ ಆ ತುದಿಗೆ ನಡೆದರು. ಗುಂಡಿ ಒತ್ತುವುದು ಹನಿ ಹಾಕಿ ಬಂದ ಮೇಲೆ ತಾನೇ? ಆದರೆ ಟೈಮರಿಗೆ ಅದೇನು ಗೊತ್ತು! ಕೇಳಿದ ಪ್ರಶ್ನೆಗೆ ಉತ್ತರ ಬರುವ ತನಕ ಸುಮ್ಮನಿರು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಮರು ಸೆಕೆಂಡಿಗೆ ಮತ್ತೆ ತಟ್ಟಿತು. ಏಳನೇ ಕುರ್ಚಿ ಇನ್ನೂ ಸೊನ್ನೆಯಲ್ಲೇ ಇದೆ, ಆದ್ದರಿಂದ ಇನ್ನೊಂದು ಬಾಕ್ಸು, ಇನ್ನೊಂದು “ಆಯ್ತಾ?”. ಅದರ ಮೇಲೆ ಮತ್ತೊಂದು.

ಮೇಷ್ಟ್ರು ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ರೆಪ್ಪೆ ಬಿಡಿಸಲು ಒಪ್ಪಲೇ ಇಲ್ಲ. ಅವರನ್ನು ಪುಸಲಾಯಿಸಲು ನಾಲ್ಕು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಹನಿ ಸಿಸ್ಟರಿನ ಗಂಡ ಕೋಣೆಯ ತುಂಬ ಆಯ್ತಾ, ಆಯ್ತಾ, ಆಯ್ತಾ ಎನ್ನುತ್ತಲೇ ಇದ್ದರು. ಮೂರನೇ ಕುರ್ಚಿಯ ಅಜ್ಜಿ ಯಾರೋ ಪಾಪ ವಿಚಾರಿಸುತ್ತಿದ್ದಾರೆಂದು ಪ್ರತಿ ಸಲವೂ “ಇಲ್ಲಪ್ಪಾ, ಇನ್ನೂ ಆಗಿಲ್ಲ” ಎಂದು ಉತ್ತರಿಸಿ ಉತ್ತರಿಸಿ ಸುಸ್ತಾದರು. ಕೆಟ್ಟಿರುವುದು ತಮ್ಮ ಕಣ್ಣು, ಕಿವಿಯಲ್ಲ ಎಂದು ಮೇಷ್ಟ್ರು ಸಿಡುಕಿದರು. ಹನಿ ಸಿಸ್ಟರಿಗೆ ಮಾತ್ರ ಏನೂ ಕೇಳಿಸಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ!

ವಾಪಸು ಬಂದು ಪರದೆ ನೋಡಿದಾಗ ಜೀವ ಬಾಯಿಗೆ ಬಂತು. ‘ಹೌದು’ ಒತ್ತಿದರೆ ಅಡಿಯಲ್ಲಿ ಇನ್ನೊಂದು ಬಾಕ್ಸು, ಅದನ್ನೊತ್ತಿದರೆ ಮತ್ತೊಂದು. ಬೆರಳು ಸೋಲುವ ತನಕ ಒತ್ತಿದರು. ಒಂದೊಂದು ಒತ್ತಿಗೂ ಒಂದೊಂದು ಹನಿ ದಾಖಲಾಯಿತು. ಅಷ್ಟರಲ್ಲಿ ಒಳಗೆ ಬಂದ ಡಾಕ್ಟರು ಓದಿಕೊಂಡರು: ಏಳನೇ ಕುರ್ಚಿ, ಇನ್ನೂರ ಮೂವತ್ತೆಂಟು ಹನಿ.

“ಇವರ ಕಣ್ಣಲ್ಲಿ ನಾನು ಈಜಬಹುದಲ್ಲ ಸಿಸ್ಟರ್,” ಎಂದರು ಡಾಕ್ಟರು. ಬಾಗಿಲಲ್ಲಿದ್ದ ಇಬ್ಬರು ನರ್ಸುಗಳು ಕಿಸಕ್ಕೆಂದರು. ಶುಕ್ರವಾರದ ತನಕ ನೋಡುತ್ತೇನೆ, ಆಗದಿದ್ದರೆ ಹಳೇ ಚೀಟಿಗಳೇ ವಾಸಿ, ಈ ಕೋಣೆಯ ಜವಾಬ್ದಾರಿಯನ್ನು ಯಾರಿಗೆ ಕೊಡಬೇಕೆಂದೂ ಆಗಲೇ ಯೋಚಿಸುತ್ತೇನೆ ಎಂದು ಡಾಕ್ಟರು ಹೇಳಿ ಹೋದರು.

ಮನೆಗೆ ಬಂದು ಹೆಂಡತಿ ಬೈಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ ಮುಖ ತೊಳೆಯಲು ಹೋದರು. ಬೈದಿದ್ದರೆ ಆಯ್ತಾ ಸಾರ್ ಬದುಕಿಕೊಳ್ಳುತ್ತಿದ್ದರು. ಅವಳ ಮಾನ ಮೂರು ಕಾಸಿಗೆ ಹೋಯಿತಲ್ಲ, ಅದೂ ನನ್ನಿಂದ ಎಂದು ಅವರಿಗೆ ನಿಜಕ್ಕೂ ಸಂಕಟವಾಯಿತು. ತಪ್ಪು ಎಲ್ಲಿದೆಯೆಂದು ಹುಡುಕಲು ಐದು ನಿಮಿಷ ಸಾಕಾಯಿತು. ಪ್ರಶ್ನೆ ಕೇಳುವ ಮೊದಲು ಟೈಮರನ್ನು ನಿಲ್ಲಿಸಬೇಕು, ಉತ್ತರ ಬಂದ ಮೇಲೆ ಮತ್ತೆ ಶುರು ಮಾಡಬೇಕು. ಎರಡೇ ಸಾಲು. ಈ ಬುದ್ಧಿ ಮೊದಲೇ ಎಲ್ಲಿ ಹೋಗಿತ್ತೋ! ತಿದ್ದಿದರು. ತಮ್ಮ ದನಿಯನ್ನೂ ಕಿತ್ತುಹಾಕಿದರು.

ಮಂಗಳವಾರ ರೋಗಿಗಳು ಕಡಿಮೆ, ಎಲ್ಲ ಸಲೀಸಾಯಿತು. ಬುಧವಾರ ಮತ್ತೆ ಕೈಕೊಟ್ಟಿತು. ಮೂರನೇ ಕುರ್ಚಿಯವರು ಶೌಚಾಲಯಕ್ಕೆ ಹೋದವರು ಹನ್ನೆರಡು ನಿಮಿಷವಾದರೂ ಬರಲಿಲ್ಲ. ಅವರ ಪ್ರಶ್ನೆ ಪರದೆಯ ಮೇಲೆ ನಿಂತಿತು, ಪ್ರಶ್ನೆಯ ಜೊತೆ ಟೈಮರೂ ನಿಂತಿತು, ಟೈಮರಿನ ಜೊತೆ ಉಳಿದ ಹದಿನೈದು ಕುರ್ಚಿಗಳ ಲೆಕ್ಕವೂ ನಿಂತಿತು. ಹತ್ತು ನಿಮಿಷಕ್ಕೆ ಬೀಳಬೇಕಾದ ಹನಿಗೆ ಇಪ್ಪತ್ತೆರಡು ನಿಮಿಷವಾದರೂ ಕಂಪ್ಯೂಟರು ತುಟಿ ಬಿಚ್ಚಲಿಲ್ಲ. ಹನಿ ಸಿಸ್ಟರಿಗೆ ಸಂಶಯ ಬಂದು ಗೋಡೆಯ ಗಡಿಯಾರ ನೋಡಿದ್ದಕ್ಕೆ ಅಂದಿನ ಮಟ್ಟಿಗೆ ಮರ್ಯಾದೆ ಉಳಿಯಿತು.

ಆ ಸಂಜೆ ಆಕೆ ಊಟದ ಮೇಜಿನ ಆಚೆ ಕುರ್ಚಿ ಎಳೆದುಕೊಂಡು ಕೂತರು. ಗಂಡ ಬರೆಯುವಾಗ ಹಾಗೆ ಕೂತದ್ದು ಅದೇ ಮೊದಲು. ಆಯ್ತಾ ಸಾರ್ ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಎಲ್ಲವನ್ನೂ ವಿವರಿಸಿದರು: ತಟ್ಟುವುದು, ಸೆಕೆಂಡು ಕಳೆಯುವುದು, ನಿಲ್ಲಿಸುವುದು. ಆಕೆ ಪೂರ್ತಿ ಕೇಳಿಸಿಕೊಂಡರು.

“ಸೆಕೆಂಡು ಎಣಿಸ್ತಾ ಕೂರೋದು ಯಾಕ್ರೀ?” ಎಂದರು ಆಮೇಲೆ. “ನಾನೇನು ಎಣಿಸ್ತೀನಾ? ಈ ಕುರ್ಚಿಗೆ ಹತ್ತೂ ಇಪ್ಪತ್ತಕ್ಕೆ ಹಾಕಬೇಕು ಅಂತ ಬರ್ಕೋತೀನಿ. ಆಗಾಗ ಗಡಿಯಾರ ನೋಡ್ತೀನಿ. ನಡುವೆ ನಾನು ಎಲ್ಲಿಗೆ ಹೋದ್ರೂ ಗಡಿಯಾರ ನಿಲ್ಲಲ್ಲ.”

ಆಯ್ತಾ ಸಾರ್ ಹಣೆ ಚಚ್ಚಿಕೊಂಡರು. ಅದೇ ತಾನೇ ಸರಿಯಾದ ದಾರಿ! ಟೈಮರು ತಟ್ಟಿದ್ದನ್ನು ನಂಬಿ ಲೆಕ್ಕ ಕಟ್ಟಬಾರದು. ಅದು ತಡವಾಗಿ ತಟ್ಟೀತು, ತಟ್ಟದೆಯೂ ಇದ್ದೀತು. ತಟ್ಟಿದಾಗಲೆಲ್ಲ ಎದ್ದು ನಿಜವಾದ ಗಡಿಯಾರವನ್ನು ನೋಡಬೇಕು, ಅಷ್ಟೆ. ಕಾಲೇಜಿನಲ್ಲಿ ಓದಿದ್ದೇ, ಪೈಪಿನ ಲೆಕ್ಕದಲ್ಲಿ ಮರೆತುಹೋಗಿತ್ತು.

“ಇನ್ನೊಂದು,” ಎಂದರು ಆಕೆ. “ಆಯ್ತಾ ಅಂತ ಕೇಳೋದೇ ಬೇಡ. ಕೇಳಿದ್ರೆ ನಾನು ಕೈಲಿರೋ ಕೆಲಸ ಬಿಟ್ಟು ಉತ್ತರ ಕೊಡೋಕೆ ಬರಬೇಕು. ಯಾವ ಕುರ್ಚಿಗೆ ಹೊತ್ತಾಯ್ತು ಅಂತ ಬಣ್ಣ ಬದಲಾಯಿಸಿ ತೋರಿಸಿ, ಸಾಕು. ಹಾಕಿ ಬಂದು ನಾನೇ ಒತ್ತುತೀನಿ. ನಾನು ಮಾಡ್ತೀನಿ ಅನ್ನೋ ನಂಬಿಕೆ ಇರಲಿ.”

ಕೊನೆಯ ಮಾತು ಕಂಪ್ಯೂಟರಿಗೆ ಹೇಳಿದ್ದೋ ಗಂಡನಿಗೆ ಹೇಳಿದ್ದೋ ಎಂದು ಆಯ್ತಾ ಸಾರ್ ವಿಚಾರಿಸಲು ಹೋಗಲಿಲ್ಲ. ತಲೆ ತಗ್ಗಿಸಿ ಬರೆದರು.

ಗುರುವಾರದ ಸುದ್ದಿ ಏನೆಂದು ಹೆಂಡತಿ ಹೇಳಲಿಲ್ಲ, ಇವರು ತುಟಿ ಕಚ್ಚಿಕೊಂಡು ಕೇಳಲಿಲ್ಲ. ಶುಕ್ರವಾರ ಮಾತ್ರ ತಡೆಯಲಾಗದೆ ಗೋದಾಮಿಗೆ ರಜೆ ಹಾಕಿ ಆಸ್ಪತ್ರೆಗೆ ಹೋದರು. ಹನಿ ಹಾಕುವ ಕೋಣೆಗೆ ರೋಗಿಗಳಿಗಷ್ಟೇ ಪ್ರವೇಶ ಎಂದು ಬಾಗಿಲಲ್ಲಿ ಇವರನ್ನು ತಡೆದರು. ಅದಕ್ಕೇನಂತೆ? ಕಣ್ಣು ತೋರಿಸಬೇಕೆಂದು ಚೀಟಿ ಮಾಡಿಸಿಕೊಂಡು ಒಳಗೆ ನುಗ್ಗಿಯೇಬಿಟ್ಟರು. ಹನ್ನೊಂದನೇ ಕುರ್ಚಿ ಸಿಕ್ಕಿತು. ಪರದೆ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

ಹೆಂಡತಿ ಬಂದು ಗಂಡನನ್ನು ನೋಡಿದರು. “ಮೇಲೆ ನೋಡಿ,” ಎಂದು ಎಲ್ಲರಿಗೂ ಹೇಳುವ ಹಾಗೆ ಹೇಳಿ ಎರಡೂ ಕಣ್ಣಿಗೆ ಹನಿ ಹಾಕಿಬಿಟ್ಟರು. ಕಣ್ಣು ಚುರುಗುಟ್ಟಿತು. ಆಗ ಹೊಳೆಯಿತು, ಎಂಥ ಕೆಲಸ ಮಾಡಿಕೊಂಡೆ ಎಂದು. ಎರಡನೇ ಹನಿ ಬೀಳುವಷ್ಟರಲ್ಲಿ ಪರದೆ ಒಂದು ಬಿಳಿ ಮಬ್ಬಾಗಿತ್ತು. ಕೈಗಡಿಯಾರದ ಮುಳ್ಳೂ ಕಾಣದು. ತಾವು ಬರೆದ ಪ್ರೋಗ್ರಾಂ ಹತ್ತು ಅಡಿ ದೂರದಲ್ಲಿ ಓಡುತ್ತಿದೆ, ನಡೆಯುತ್ತಿದೆಯೋ ಮುಗ್ಗರಿಸುತ್ತಿದೆಯೋ ನೋಡುವ ಭಾಗ್ಯವಿಲ್ಲ. ಹೋಗಲಿ, ಮನಸ್ಸಿನಲ್ಲೇ ಸೆಕೆಂಡು ಎಣಿಸೋಣವೆಂದು ಹೊರಟರು. ಪಕ್ಕದವರು ಕೆಮ್ಮಿದಾಗ ನೂರಾ ಎಂಬತ್ತೋ ಇನ್ನೂರಾ ಎಂಬತ್ತೋ ಎಂದು ಲೆಕ್ಕ ತಪ್ಪಿತು. ಸುಮ್ಮನೆ ಕಣ್ಣು ಮುಚ್ಚಿ ಕೂತರು.

ಕೋಣೆ ನಿಶ್ಶಬ್ದವಾಗಿತ್ತು. ಹೆಂಡತಿಯ ಹೆಜ್ಜೆ ಒಂದು ಕುರ್ಚಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮೇಜಿಗೆ, ಮತ್ತೆ ಕುರ್ಚಿಗೆ, ಅವಸರವಿಲ್ಲದೆ ನಡೆಯುತ್ತಿತ್ತು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಡಾಕ್ಟರು ಒಳಗೆ ಬಂದರು, ಮೇಜಿನ ಬಳಿ ತುಸು ಹೊತ್ತು ನಿಂತರು, “ಇದು ಇರಲಿ ಸಿಸ್ಟರ್” ಎಂದಷ್ಟೇ ಹೇಳಿ ಹೊರಟುಹೋದರು.

ಮೂರನೇ ಹನಿಗೆ ಹೆಂಡತಿ ಇವರ ಬಳಿ ಬಂದಾಗ ಪಕ್ಕದ ಕುರ್ಚಿಯ ಹೆಂಗಸು ಕೇಳಿದಳು, ಇಷ್ಟು ಜನರ ಹೊತ್ತನ್ನು ಅದು ಹೇಗೆ ನೆನಪಿಟ್ಟುಕೊಳ್ಳುತ್ತೀರಿ ಎಂದು.

“ನಾನಲ್ಲಮ್ಮ,” ಎಂದರು ಹನಿ ಸಿಸ್ಟರ್. “ನಮ್ಮ ಯಜಮಾನರು ಕಂಪ್ಯೂಟರ್ ಪ್ರೋಗ್ರಾಂ ಬರೀತಾರೆ. ಇದು ಅವರು ಬರೆದಿದ್ದು.”

ಹಾಗೆನ್ನುತ್ತಾ ಗಂಡನ ರೆಪ್ಪೆ ಬಿಡಿಸಿ ಹನಿ ಹಾಕಿದರು. ಹಾಕಿದ ಹನಿ ನಿಲ್ಲಲಿಲ್ಲ. ಎರಡೂ ಕಣ್ಣಿನಿಂದ ಧಾರೆಯಾಗಿ ಕೆನ್ನೆಗಿಳಿಯಿತು, ಹನಿಗಿಂತ ಬಹಳ ಹೆಚ್ಚು.

“ರೀ, ಅಳಬೇಡಿ,” ಎಂದರು ಆಕೆ ಕಿವಿಯ ಹತ್ತಿರ ಬಗ್ಗಿ. “ಔಷಧಿಯೆಲ್ಲ ಹರಿದುಹೋಗುತ್ತೆ. ಆಮೇಲೆ ಮೊದಲಿಂದ ಹಾಕಬೇಕಾಗುತ್ತೆ.”

“ಹಾಕು,” ಎಂದರು ಅವರು. “ಕೂತಿರ್ತೀನಿ.”