ತೊಳೆದು ಮುಟ್ಟಿಸಿದ ಕೊಪ್ಪರಿಗೆಗಳು

ನನ್ನ ಅಪ್ಪನ ಅಡುಗೆಪಾತ್ರೆಗಳನ್ನು ಇಂದಿಗೂ ಅಕ್ರಮವಾಗಿ ಹಿಡಿದಿಟ್ಟಿರುವವರು ಪುತ್ತೂರಿನ ಒಬ್ಬ ಲೇವಾದೇವಿದಾರರು. ಅದನ್ನು ಸುಮ್ಮನೆ ನೋಡುತ್ತಿರುವವರು, ಅಪ್ಪನ ಸೊತ್ತಿನ ಉಸ್ತುವಾರಿಗೆಂದೇ ನ್ಯಾಯಾಲಯ ನೇಮಿಸಿದ ಅಧಿಕಾರಿ.

ಅಪ್ಪ ಬೆಳ್ಳಾರೆಯಲ್ಲಿ ಮದುವೆ, ಗೃಹಪ್ರವೇಶಗಳ ಅಡುಗೆ ವಹಿಸಿಕೊಳ್ಳುವವರು. ಸಣ್ಣದೊಂದು ಸಭಾಭವನ ಕಟ್ಟಲು ಹೋಗಿ ಸೋತು ದಿವಾಳಿ ಅರ್ಜಿ ಹಾಕಿದರು. ಅದಕ್ಕೂ ಮೊದಲೇ ಕೊಪ್ಪರಿಗೆಗಳೆಲ್ಲ ಲೇವಾದೇವಿದಾರರ ಶೆಡ್ಡಿನಲ್ಲಿ ಒತ್ತೆ ಬಿದ್ದಿದ್ದವು. ಮದುವೆಯೋ ಬೇರೆ ಜಂಬರವೋ ಇದ್ದಾಗ ಅಪ್ಪ ಅವನ್ನು ಕೇಳಿ ತಂದು, ಅಡುಗೆ ಮುಗಿಸಿ, ತಿಕ್ಕಿ ತೊಳೆದು ಮತ್ತೆ ಅಲ್ಲಿಗೇ ಮುಟ್ಟಿಸುತ್ತಿದ್ದರು.

ಆಮೇಲೆ ಕಾನೂನು ಬದಲಾಯಿತು: ಪರವಾನಗಿ ಇಲ್ಲದವರು ಇಟ್ಟುಕೊಂಡ ಒತ್ತೆಯನ್ನು ಮರಳಿಸಲೇಬೇಕು. ಈ ಲೇವಾದೇವಿದಾರರಿಗೆ ಪರವಾನಗಿ ಇರಲಿಲ್ಲ. ಪಾತ್ರೆಗಳ ಮೇಲೆ ಅವರು ಹೇಳಿಕೊಂಡ ಹಕ್ಕನ್ನು ಪ್ರಶ್ನಿಸಿ ನಾನೇ ಆ ಅಧಿಕಾರಿಗೆ ಆಕ್ಷೇಪಣೆ ಬರೆದೆ. ಆಗಲೇ ಇಚಿಲಂಪಾಡಿಯ ಮದುವೆಯೊಂದಕ್ಕೆ ಪಾತ್ರೆಗಳು ಅಪ್ಪನ ಕೈಗೆ ಬಂದಿದ್ದವು. ಇನ್ನು ನಮ್ಮಲ್ಲೇ ಉಳಿದವು ಎಂದುಕೊಂಡೆ. ಮದುವೆಯ ಮರುದಿನ ನೋಡಿದರೆ ಅಂಗಳ ಖಾಲಿ.

"ಪಾತ್ರೆ ಎಲ್ಲಿ ಅಪ್ಪಾ?"

"ಕೊಟ್ಟು ಬಂದೆ."

"ಎಂತಕ್ಕೆ? ಕಾನೂನು ಬಂದಾಯ್ತಲ್ಲ!"

"ಕಾನೂನು ಉಂಟು ಮಗಳೇ. ಆದರೆ ತಂದ ಪಾತ್ರೆ ನುಂಗಿದ ಅಂತ ಊರವರು ಹೇಳಿದರೆ ನಾಳೆ ನನ್ನನ್ನು ಅಡುಗೆಗೆ ಕರೆಯುದು ಯಾರು? ಕೋರ್ಟು ಹೇಳಲಿ, ಎಲ್ಲರೆದುರೇ ಹೋಗಿ ತರುವ."

ವಿಚಾರಣೆಯಲ್ಲಿ ಲೇವಾದೇವಿದಾರರು ನಗುತ್ತಲೇ ಹೇಳಿದರು: "ನಾನು ಎಳೆದುಕೊಂಡು ಬಂದದ್ದಾ ಮಾರಾಯ್ರೆ? ಕಾನೂನು ಬಂದ ಮೇಲೆ ಇವರೇ ಪಿಕಪ್ಪಲ್ಲಿ ತಂದು ಇಳಿಸಿದ್ದು. ತೊಳೆದು ಬೇರೆ ಕೊಟ್ಟಿದ್ದಾರೆ! ಇದು ಹೊಸ ಒತ್ತೆ ಅಲ್ಲದೆ ಮತ್ತೆಂತ?"

"ಹೌದಾ?" ಎಂದರು ಅಧಿಕಾರಿ.

"ತಂದು ಕೊಟ್ಟದ್ದು ಹೌದು," ಎಂದರು ಅಪ್ಪ.

ಪಾತ್ರೆ ಮರಳಿಸಿ ಎನ್ನದೆ ಅಧಿಕಾರಿ ಅಷ್ಟಕ್ಕೇ ಕಡತ ಮುಚ್ಚಿದರು. ಪಾತ್ರೆ ತೊಳೆದದ್ದೂ ಒಪ್ಪಿಗೆಯ ಸಾಕ್ಷಿಯಾದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹೊಸ ಒತ್ತೆಯೇ ಎಂದಿಟ್ಟುಕೊಳ್ಳೋಣ. ಪರವಾನಗಿ ಇಲ್ಲದವರಿಗೆ ಅದನ್ನು ಪಡೆಯುವ ಹಕ್ಕೆಲ್ಲಿದೆ? ದಿವಾಳಿ ಅರ್ಜಿ ಹಾಕಿದ ಅಪ್ಪನಿಗೆ ಅದನ್ನು ಕೊಡುವ ಅಧಿಕಾರವಾದರೂ ಎಲ್ಲಿದೆ? ಅಂದಿನಿಂದ ಲೇವಾದೇವಿದಾರರು ಶೆಡ್ಡಿಗೆ ಬೀಗ ಹಾಕಿದ್ದಾರೆ; ಜಂಬರಕ್ಕೂ ಪಾತ್ರೆ ಕೊಡುತ್ತಿಲ್ಲ. ಅಪ್ಪ ಒಪ್ಪಿಕೊಂಡ ಜಂಬರಗಳು ಒಂದೊಂದಾಗಿ ಬೇರೆ ಅಡುಗೆಯವರ ಪಾಲಾಗುತ್ತಿವೆ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಯವರಲ್ಲಿ ಈ ಮೂಲಕ ವಿನಂತಿಸುತ್ತೇನೆ: ಯಾವ ಕಾನೂನಿನ ಬಲದಿಂದ ಈ ಹಿಡಿತ ಮುಂದುವರಿದಿದೆ ಎಂಬುದನ್ನು ಲಿಖಿತವಾಗಿ ತಿಳಿಸಿ. ತಿಳಿಸಲು ಸಾಧ್ಯವಿಲ್ಲವಾದರೆ ಬೀಗ ತೆಗೆಸಿ, ಕಸುಬಿನ ಸಲಕರಣೆಗಳಾದ ಆ ಪಾತ್ರೆಗಳನ್ನು ನನ್ನ ತಂದೆಯವರ ವಶಕ್ಕೆ ಒಪ್ಪಿಸಿ.