ಗಂಗುಲಮ್ಮನ ಹೆಸರು, ಓಬಳಮ್ಮನ ಹೆಬ್ಬೆಟ್ಟು

ಬೆಳಗಿನ ಐದೂವರೆ. ಮುದ್ದನಕೋಟೆ ಪುರಸಭೆಯ ಗೇಟಿನ ಮುಂದೆ ಬೀದಿದೀಪ ಇನ್ನೂ ಆರಿಲ್ಲ. ಅದರ ಕೆಳಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಕಡ್ಡಿಪೊರಕೆ ಎಳೆಯುತ್ತಿದ್ದಾರೆ. ಹಿಂದಿನ ಸಂಜೆ ಪಾನಿಪುರಿ ಗಾಡಿಯವರು ಬಿಟ್ಟುಹೋದ ತಟ್ಟೆಗಳು, ಟೀ ಲೋಟಗಳು, ಎಳನೀರಿನ ಬುರುಡೆಗಳು, ಯಾವುದೋ ಮರಿ ಮುಖಂಡನ ಹುಟ್ಟುಹಬ್ಬದ ಫ್ಲೆಕ್ಸಿನ ತುಂಡು, ಎಲ್ಲವೂ ಒಂದೇ ಗುಡ್ಡೆಯಾಗುತ್ತವೆ. ಬುರುಡೆಗಳನ್ನು ಬಗ್ಗಿ ಕೈಯಲ್ಲೇ ಎತ್ತಿ ತಳ್ಳುಗಾಡಿಗೆ ಹಾಕಬೇಕು. ಬಗ್ಗಿದಾಗಲೆಲ್ಲ ಅವರು ಎಡಮಂಡಿ ಹಿಡಿದುಕೊಳ್ಳುತ್ತಾರೆ.

"ಗಂಗುಲಮ್ಮಾ, ನಮ್ಮಂಗಡಿ ಮುಂದೂ ಒಂಚೂರು ಎಳದ್ಬಿಡಮ್ಮ" ಎಂದು ಎದುರಿನ ಟೀ ಅಂಗಡಿಯ ನಾಗೇಂದ್ರ ಷಟರ್ ಎತ್ತುತ್ತಾ ಕೂಗುತ್ತಾರೆ.

"ನೀನು ಹಾಕೋ ಲೋಟಕ್ಕೆ ನಿಂಗೇ ಒಂದು ಮುನ್ಸಿಪಾಲ್ಟಿ ಬೇಕು ಕಣಣ್ಣ. ಡಬ್ಬ ಮಡಗು ಅಂತ ಎಷ್ಟು ದಿನ ಬಾಯಿ ಬಡ್ಕೊಳ್ಲಿ?" ಎಂದು ಬೈಯುತ್ತಲೇ ಅವರು ಅಂಗಡಿಯ ಮುಂದೆಯೂ ಪೊರಕೆ ಆಡಿಸುತ್ತಾರೆ. ನಾಗೇಂದ್ರ ಮೊದಲ ಟೀಯನ್ನು ಅವರಿಗೇ ಕೊಡುತ್ತಾರೆ.

ಊರಿಗೆ ಊರೇ ಅವರನ್ನು ಗಂಗುಲಮ್ಮ ಎಂದು ಕರೆಯುತ್ತದೆ. ನಾನೂ ಇದೇ ಊರಿನವನು, ಪತ್ರಿಕೆಯೊಂದರ ವರದಿಗಾರ, ಹಾಗೆಯೇ ಕರೆಯುತ್ತಿದ್ದೆ. ಆದರೆ ಗಂಗುಲಮ್ಮ ತೀರಿಹೋಗಿ ಒಂಬತ್ತು ವರ್ಷವಾಗಿದೆ. ಆಕೆ ಇವರ ಅತ್ತೆ. ಪೊರಕೆ ಹಿಡಿದಿರುವ ಇವರು ಓಬಳಮ್ಮ.

ಬಸ್ ನಿಲ್ದಾಣದ ಹಿಂದಿನ ಕಾಲೊನಿಯಲ್ಲಿ, ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಈ ಜನರಲ್ಲಿ ಒಂದು ಪದ್ಧತಿಯಿದೆ. ಅತ್ತೆಗೆ ಕೈಲಾಗದ ದಿನ ಪೊರಕೆ ಸೊಸೆಯ ಕೈಗೆ ಬರುತ್ತದೆ, ಪೊರಕೆಯ ಜೊತೆ ಅತ್ತೆಯ ಬೀದಿಯೂ ಬರುತ್ತದೆ. ಗುತ್ತಿಗೆದಾರನ ಪಟ್ಟಿಯಲ್ಲಿರುವ ಅತ್ತೆಯ ಹೆಸರನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಓಬಳಮ್ಮ ಮೊದಲ ದಿನ ಬಂದಾಗ ಮೇಸ್ತ್ರಿ ಹೇಳಿದ ಮಾತು ಅವರಿಗೆ ಇನ್ನೂ ನೆನಪಿದೆ. "'ಹೆಸ್ರು ಯಾತಕ್ಕೆ ತಿದ್ದಿಸೋದು? ಆಪೀಸ್ನಲ್ಲಿ ನೂರೆಂಟು ಕೇಳ್ತಾರೆ. ಬೀದಿ ಅದೇ, ಪೊರಕೆ ಅದೇ, ಬಾ ಹೆಬ್ಬೆಟ್ಟು ಒತ್ತು' ಅಂದ. ಒತ್ತಿದೆ ಸಾ. ಅವತ್ತು ನಂಗೇನ್ ಗೊತ್ತು?"

ಅಂದಿನಿಂದ ತಿಂಗಳು ತಿಂಗಳೂ ಒತ್ತಿದ್ದಾರೆ. ಗಂಗುಲಮ್ಮ ಎಂಬ ಹೆಸರಿನ ಎದುರು ನೇರಳೆ ಶಾಯಿಯಲ್ಲಿ ಓಬಳಮ್ಮನ ಹೆಬ್ಬೆಟ್ಟು. ನಡುವೆ ಅತ್ತೆ ತೀರಿಕೊಂಡಾಗ ಮರಣಪತ್ರ ಬರೆದುಕೊಟ್ಟದ್ದೂ ಇದೇ ಪುರಸಭೆ. ಸತ್ತವಳಿಗೆ ಮುಂದಿನ ತಿಂಗಳು ಸಂಬಳ ಬಟವಾಡೆ ಮಾಡಿದ್ದೂ ಇದೇ ಪುರಸಭೆ. ಎರಡೂ ಮೇಜುಗಳ ನಡುವೆ ಒಂದು ಮರದ ಬೀರು ಅಡ್ಡವಿದೆ, ಅಷ್ಟೇ. ಗುತ್ತಿಗೆದಾರರು ಬದಲಾದರು, ಮುಖ್ಯಾಧಿಕಾರಿಗಳು ಬಂದರು ಹೋದರು, ಪಟ್ಟಿಯಲ್ಲಿ ಗಂಗುಲಮ್ಮ ಮಾತ್ರ ಒಂದು ದಿನವೂ ರಜೆ ಹಾಕದೆ ಬದುಕಿಯೇ ಇದ್ದರು.

ಕಳೆದ ವರ್ಷ ಗುತ್ತಿಗೆಯ ಪೌರಕಾರ್ಮಿಕರನ್ನು ಖಾಯಂ ಮಾಡುವ ಸುದ್ದಿ ಬಂದಾಗ ಕಾಲೊನಿಯಲ್ಲಿ ಹಬ್ಬ. ಖಾಯಂ ಎಂದರೆ ನೇರ ಬ್ಯಾಂಕಿಗೆ ಬೀಳುವ ಸಂಬಳ, ಕಾಯಿಲೆಗೆ ರಜೆ, ಮುಂದೆ ಕುಳಿತು ತಿನ್ನಲು ಒಂದು ತುತ್ತು. ಓಬಳಮ್ಮನಿಗೆ ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ಮಂಡಿ ಪೂರ್ತಿ ಕೈಕೊಡುವ ಮೊದಲು ಖಾಯಂ ಆಗಿಬಿಟ್ಟರೆ, ಪೊರಕೆಯನ್ನು ಸೊಸೆ ರೋಜಾಳ ಕೈಗೆ ಕೊಡದೆ ಉಳಿಯಬಹುದು. ರೋಜಾ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. "ಅವ್ಳು ಬಂದ್ ದಿನಾನೇ ನನ್ ಮಗನ್ಗೆ ಹೇಳಿದ್ದೆ, ಈ ಮನೇಲಿ ಪೊರಕೆ ನನಗೇ ಕೊನೆ ಅಂತ" ಎನ್ನುತ್ತಾರೆ ಅವರು.

ಖಾಯಂ ಆಗಲು ಇಷ್ಟು ವರ್ಷ ದುಡಿದಿದ್ದಕ್ಕೆ ದಾಖಲೆ ಬೇಕು. ಜಿಲ್ಲಾ ಕಚೇರಿಯಲ್ಲಿ ಪರಿಶೀಲನೆಗೆ ಕುಳಿತ ಅಧಿಕಾರಿ ಓಬಳಮ್ಮನ ಕಥೆ ಪೂರ್ತಿ ಕೇಳಿದರು ಎಂಬುದನ್ನು ಒಪ್ಪಬೇಕು. ಹೆಸರು ಯಾರದೇ ಇರಲಿ, ಬಟವಾಡೆ ಹಾಳೆಯಲ್ಲಿನ ಹೆಬ್ಬೆಟ್ಟು ನಿಮ್ಮದೇ ಎಂದು ಸಾಬೀತಾದರೆ ನೋಡೋಣ, ಗೆರೆ ಕಾಣುವ ಪ್ರತಿ ತನ್ನಿ, ಬೆರಳಚ್ಚು ಪರೀಕ್ಷೆಗೆ ಕಳಿಸುತ್ತೇನೆ ಎಂದರು. ಅಸಲು ಹಾಳೆ ತರಿಸಿಕೊಳ್ಳುವ ಅಧಿಕಾರ ತಮಗಿಲ್ಲ ಎಂದೂ ಹೇಳಿದರು. ಕೊನೆಯ ದಿನಾಂಕ ಕೊಟ್ಟು ಕಳಿಸಿದರು.

ಹೀಗೆ ಓಬಳಮ್ಮ ತಾವು ದಿನಾ ಗುಡಿಸುವ ಕಚೇರಿಯ ಒಳಗೆ ಮೊದಲ ಸಲ ಅರ್ಜಿ ಹಿಡಿದುಕೊಂಡು ಹೋದರು. ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟವರು ಖಲೀಲ್ ಸಾಬ್. ತಾಲ್ಲೂಕು ಕಚೇರಿಯ ಹುಣಸೆಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವುದೇ ಅವರ ಜೀವನ. ಬಟವಾಡೆ ಹಾಳೆಗಳ ಪ್ರತಿ ಬೇಕು ಎಂದು ಒಂದು ಪುಟದಲ್ಲಿ ಬರೆದುಕೊಟ್ಟರು. ಹೆಬ್ಬೆಟ್ಟಿನ ಗೆರೆ ಕಾಣಬೇಕು ಎಂಬ ಮಾತನ್ನೂ ಸೇರಿಸಿದರು.

ಕಾನೂನು ಕೊಟ್ಟ ಗಡುವು ಇನ್ನೇನು ಮುಗಿಯಬೇಕು ಎನ್ನುವಾಗ ಉತ್ತರ ಬಂತು. ಪ್ರತಿಗಳಿಗೆ ಹನ್ನೊಂದು ಸಾವಿರ ರೂಪಾಯಿಗೂ ಮೇಲೆ ಕಟ್ಟಬೇಕು! ಬಡವರ ಕಾರ್ಡು ಇದ್ದಿದ್ದರೆ ಬಿಟ್ಟಿ ಸಿಗುತ್ತಿತ್ತು. ಆದರೆ ಹಿಂದಿನ ವರ್ಷ ಅನರ್ಹರ ಕಾರ್ಡು ರದ್ದು ಮಾಡುವಾಗ ಓಬಳಮ್ಮನದೂ ಹಾರಿಹೋಗಿತ್ತು. ಯಾಕೆ ಎಂದು ಕೇಳಿದರೆ ಕಂಪ್ಯೂಟರ್ ತೆಗೆದುಹಾಕಿದೆ ಎಂಬ ಉತ್ತರ. ಊರಿನ ಕಸ ಎತ್ತುವವಳು ಬಡವಳಲ್ಲ ಎಂದು ಕಂಡುಹಿಡಿದ ಆ ಕಂಪ್ಯೂಟರನ್ನು ನನಗೊಮ್ಮೆ ನೋಡಬೇಕಿದೆ.

ಖಲೀಲ್ ಸಾಬ್ ಪತ್ರ ನೋಡಿ ನಕ್ಕರಂತೆ. ಅವರ ನಗುವಿಗೆ ಕಾರಣವಿತ್ತು. ಒಂದು ರಸ್ತೆಯ ಬಿಲ್ಲು ಕೇಳಿದವನಿಗೆ ಊರಿನ ಎಲ್ಲ ರಸ್ತೆಯ ಕಡತಕ್ಕೂ ಹಣ ಕಟ್ಟು ಎಂದದ್ದನ್ನು ಅವರು ಕಂಡಿದ್ದಾರೆ. ಕಾಗದದ ಹಿಂಬದಿಯ ಖಾಲಿ ಮೈಗೂ ಪುಟದ ಲೆಕ್ಕ ಹಾಕಿದ್ದನ್ನು, ಹುಡುಕಿದ ಕೂಲಿ ಎಂದು ಸೇರಿಸಿದ್ದನ್ನು ಕಂಡಿದ್ದಾರೆ. ಇಲ್ಲಿ ಮಾಹಿತಿ ಕೊಡುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜೆರಾಕ್ಸಿನ ದುಡ್ಡು ಹೇಳುತ್ತಾರೆ, ಕೇಳಿದವನು ತಾನಾಗಿಯೇ ಮನೆಗೆ ಹೋಗುತ್ತಾನೆ.

"ನೀನ್ ಒಂದು ಪೈಸೆ ಜಾಸ್ತಿ ಕಟ್ಬೇಡಮ್ಮ" ಎಂದು ಖಲೀಲ್ ಸಾಬ್ ಧೈರ್ಯ ಹೇಳಿದರು. "ಪುಟಕ್ಕೆ ಎರಡು ರೂಪಾಯಿ ಅಂತ ರೂಲೇ ಐತೆ. ಇದು ಹೆದರ್ಸೋ ಕಾಗದ. ಇಂಥಾವು ನಾನು ಮೂಟೆಗಟ್ಲೆ ನೋಡಿದ್ದೀನಿ."

ಮೇಲ್ಮನವಿ ಹೋಯಿತು. ವಿಚಾರಣೆಯ ದಿನ ಅರ್ಧ ಕಾಲೊನಿಯೇ ಜೊತೆಗೆ ಬಂದಿತ್ತು. ಲೆಕ್ಕ ಹಾಕಿದ ಗುಮಾಸ್ತೆ ಸುಗುಣ ಏನೋ ವಿವರಿಸಲು ಎದ್ದು ನಿಂತರೆ, ಮೇಲಧಿಕಾರಿ ಕೈ ಎತ್ತಿ ಕೂರಿಸಿದರು. ಅವರಿಗೆ ಇನ್ನೊಂದು ಮೀಟಿಂಗಿತ್ತು. ಓಬಳಮ್ಮ ಮಾತ್ರ ಕೂರಲಿಲ್ಲ. "ನಿಮ್ ಆಪೀಸ್ ಬಾಗ್ಲು ನಾನು ದಿನಾ ಗುಡಿಸ್ತೀನಿ ಸಾ, ಯಾವತ್ತಾದ್ರೂ ಅದಕ್ಕೆ ಬ್ಯಾರೆ ರೇಟ್ ಕೇಳಿದ್ದೀನಾ? ನನ್ ಹೆಬ್ಬೆಟ್ಟು ನನಗೆ ತೋರ್ಸೋಕೆ ಇಷ್ಟು ದುಡ್ಡಾ?" ಎಂದು ಕೇಳಿಯೇಬಿಟ್ಟರು. ಹಿಂದೆ ನಿಂತವರು ಚಪ್ಪಾಳೆ ತಟ್ಟಿದರು. ಅಧಿಕಾರಿ ಮುಖ ಕೆಂಪು ಮಾಡಿಕೊಂಡು, ಪುಟಕ್ಕೆ ಎರಡೇ ರೂಪಾಯಿ ಹಾಕಿ ಕೊಟ್ಟು ಕಳಿಸಿ ಎಂದು ಆದೇಶ ಮಾಡಿದರು.

ಅವತ್ತು ಸಂಜೆ ಕಾಲೊನಿಯಲ್ಲಿ ಬೋಂಡ, ಟೀ. ಖಲೀಲ್ ಸಾಬ್‌ಗೆ ಶಾಲು. ಮುನ್ಸಿಪಾಲ್ಟಿಯನ್ನು ಬಗ್ಗಿಸಿದ ಮೊದಲ ಹೆಂಗಸು ಎಂದು ಹುಡುಗರು ಓಬಳಮ್ಮನ ಫೋಟೊ ತೆಗೆದು ಊರೆಲ್ಲ ಹಂಚಿದರು. ನಮ್ಮ ಪತ್ರಿಕೆಯಲ್ಲೂ ಒಳಪುಟದಲ್ಲಿ ಎರಡು ಸಾಲು ಬಂದಿತ್ತು.

ಕೊನೆಯ ದಿನಾಂಕಕ್ಕೆ ಮುಂಚಿನ ದಿನ ಕಟ್ಟು ಕೈಗೆ ಸಿಕ್ಕಿತು. ಒಂದು ಹಾಳೆಯೂ ಕಡಿಮೆಯಿಲ್ಲ, ಪ್ರತಿಯೊಂದಕ್ಕೂ ಸೀಲು, ಸಹಿ. ಆದರೆ ಮೊಳದುದ್ದದ ಬಟವಾಡೆ ಹಾಳೆಗಳನ್ನು ಸಾಮಾನ್ಯ ಕಾಗದಕ್ಕೆ ಕುಗ್ಗಿಸಿ ಕಪ್ಪು ಜೆರಾಕ್ಸ್ ಮಾಡಿದ್ದರು. ಗಂಗುಲಮ್ಮ ಎಂಬ ಹೆಸರು ಚೆನ್ನಾಗಿಯೇ ಮೂಡಿತ್ತು. ಅದರ ಎದುರು ನೇರಳೆ ಹೆಬ್ಬೆಟ್ಟು ಇರಬೇಕಾದ ಕಡೆ ಒಂದೊಂದು ಮಸಿಯ ಚುಕ್ಕಿ. ಯಾವುದರಲ್ಲೂ ಒಂದು ಗೆರೆ ಇಲ್ಲ.

ಕುಗ್ಗಿಸದ ಕಲರ್ ಜೆರಾಕ್ಸ್ ಆಗಿದ್ದರೆ ಗೆರೆ ಉಳಿಯುತ್ತಿತ್ತು. ಅಷ್ಟು ದೊಡ್ಡ ಹಾಳೆಗೆ ಕಲರ್ ಜೆರಾಕ್ಸ್ ಮಾಡುವ ಅಂಗಡಿ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇದೆ. ಹನ್ನೊಂದು ಸಾವಿರದ ಲೆಕ್ಕ ಅದರದ್ದೇ. ಮೊದಲ ಪತ್ರದಲ್ಲಿ ಅದನ್ನು ಬರೆದೂ ಇದ್ದರು. ಮೊತ್ತ ಕಂಡ ಮೇಲೆ ಕೆಳಗಿನ ಸಾಲನ್ನು ಓದುವ ತಾಳ್ಮೆ ಯಾರಿಗಿತ್ತು?

ಸುಗುಣರನ್ನು ನಾನು ಹೋಗಿ ಮಾತಾಡಿಸಿದೆ. ಅವರಿಗೆ ಅಳು ಬರುವಂತಿತ್ತು. "ಹೆಬ್ಬೆಟ್ಟು ಕಾಣ್ಬೇಕು ಅಂತ ಅರ್ಜಿಲಿತ್ತಲ್ಲ ಸಾರ್, ಅದಕ್ಕೆ ನಾನೇ ಬಸ್ ಹತ್ಕೊಂಡು ಹೋಗಿ ಅಂಗಡೀಲಿ ರೇಟ್ ಕೇಳ್ಕೊಂಡು ಬಂದಿದ್ದೆ. ಚೌಕಾಸಿ ಮಾಡಿ ಕಮ್ಮಿನೂ ಮಾಡಿಸಿದ್ದೆ. ವಿಚಾರಣೇಲಿ ಅದನ್ನೇ ಹೇಳೋಕೆ ಎದ್ದಿದ್ದು. ಎರಡು ರೂಪಾಯಿಲಿ ಕೊಡಿ ಅಂತ ಆರ್ಡರ್ ಆದ್ಮೇಲೆ ಎರಡು ರೂಪಾಯಿಗೆ ಏನ್ ಬರುತ್ತೋ ಅದು ಕೊಟ್ಟೆ."

ಈ ಕಚೇರಿ ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನ್ಯಾಯವಾದ ಲೆಕ್ಕ ಕೊಟ್ಟಿತ್ತು. ಅದನ್ನು ನಂಬುವ ಅಭ್ಯಾಸ ಊರಲ್ಲಿ ಯಾರಿಗೂ ಉಳಿದಿರಲಿಲ್ಲ. ತಪ್ಪು ಖಲೀಲ್ ಸಾಬರದು ಎಂದು ಈಗ ಕಾಲೊನಿಯವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಸಿಟ್ಟು ಮಾತ್ರ ಬರುತ್ತದೆ, ಅದನ್ನು ಯಾರ ಮೇಲೆ ಹಾಕಲಿ ಎಂದು ತಿಳಿಯುವುದಿಲ್ಲ. ಖಲೀಲ್ ಸಾಬ್ ಆ ಶಾಲನ್ನು ಮರಳಿ ಕೊಡಲು ಓಬಳಮ್ಮನ ಮನೆಗೆ ಹೋಗಿದ್ದರಂತೆ. "ಇದನ್ನ ವಾಪಸ್ ತಗೊಂಡು ನಾನೇನ್ ಮಾಡ್ಲಿ ಸಾಬ್ರೇ, ಚಳಿ ಐತೆ, ಹೊದ್ಕೊಳಿ" ಎಂದು ಆಕೆ ಕಳಿಸಿಬಿಟ್ಟರು.

ಕಟ್ಟು ಸಿಕ್ಕ ಮರುದಿನ ಅದನ್ನೇ ಹಿಡಿದುಕೊಂಡು ಓಬಳಮ್ಮ ಜಿಲ್ಲಾ ಕಚೇರಿಗೆ ಹೋದರು. ಅಧಿಕಾರಿ ಒಂದೊಂದೇ ಹಾಳೆ ತಿರುವಿದರು. "ಇದೇನಮ್ಮ, ಬರೀ ಮಸಿ" ಎಂದರು. ಓಬಳಮ್ಮ ತಮ್ಮ ಎಡಗೈ ಹೆಬ್ಬೆಟ್ಟನ್ನು ಮೇಜಿನ ಮೇಲೆ ಇಟ್ಟರು. "ಬೆಟ್ಟು ಇಲ್ಲೇ ಐತಲ್ಲ ಸಾ, ಇದನ್ನೇ ನೋಡ್ಕೊಳಿ."

"ನಿನ್ ಬೆಟ್ಟು ನೋಡ್ತೀನಮ್ಮ. ಅದನ್ನ ಯಾವುದರ ಜೊತೆ ಹೋಲಿಸ್ಲಿ?"

ಅವತ್ತೇ ಗಡುವು ಮುಗಿಯಿತು. ಇನ್ನೊಂದು ಅರ್ಜಿ ಹಾಕಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಖಾಯಂ ಆದವರ ಪಟ್ಟಿ ಅಷ್ಟರೊಳಗೆ ಪುರಸಭೆಯ ಗೋಡೆಗೆ ಅಂಟಿತು. ಓಬಳಮ್ಮನ ಪಕ್ಕದ ಬೀದಿಗಳನ್ನು ಗುಡಿಸುವ, ಮೊದಲಿನಿಂದ ತಮ್ಮದೇ ಹೆಸರಲ್ಲಿ ದುಡಿದ ಹೆಂಗಸರ ಹೆಸರುಗಳು ಅದರಲ್ಲಿವೆ. ಅಸಲು ಹಾಳೆಗಳು ಇವತ್ತಿಗೂ ಅದೇ ಕಟ್ಟಡದ ಮರದ ಬೀರುವಿನಲ್ಲಿವೆ. ಓಬಳಮ್ಮ ಅದರ ಹೊರಗಿನ ಜಗಲಿಯನ್ನು ದಿನವೂ ಗುಡಿಸುತ್ತಾರೆ.

ಪಟ್ಟಿ ಬಂದ ಮೇಲೆ ಅವರು ಮೇಸ್ತ್ರಿಯ ಬಳಿ ಹೋಗಿ, ಇನ್ನಾದರೂ ನನ್ನ ಹೆಸರು ಬರೆದುಕೊಳ್ಳಿ ಎಂದು ಕೇಳಿದರು. ಬರೆಯಬಹುದು, ಆದರೆ ಇವತ್ತು ಹೊಸದಾಗಿ ಸೇರಿದಂತಾಗುತ್ತದೆ, ಹಳೆಯ ವರ್ಷಗಳೆಲ್ಲ ಗಂಗುಲಮ್ಮನ ಜೊತೆ ಹೋಗುತ್ತವೆ ಎಂದ ಆತ. ಮುಂದೆ ಯಾವಾಗಲಾದರೂ ಇನ್ನೊಂದು ಪಟ್ಟಿ ಬಂದರೆ ಆ ವರ್ಷಗಳು ಬೇಕಾಗಬಹುದು. ಓಬಳಮ್ಮ ಹಳೆಯ ಹೆಸರಿನ ಮುಂದೆಯೇ ಹೆಬ್ಬೆಟ್ಟು ಒತ್ತಿ ಬಂದರು.

ಹೋದ ವಾರ ಮಂಡಿ ಊದಿ ಎರಡು ದಿನ ಏಳಲಾಗಲಿಲ್ಲ. ಎರಡನೇ ದಿನ ಹೇಳದೆ ಕೇಳದೆ ರೋಜಾ ಪೊರಕೆ ತೆಗೆದುಕೊಂಡು ಹೊರಟುಬಿಟ್ಟಿದ್ದಳು. ಗೊತ್ತಾದ ಕೂಡಲೇ ಓಬಳಮ್ಮ ಗೋಡೆ ಹಿಡಿದುಕೊಂಡು ಬೀದಿಯವರೆಗೂ ಬಂದರಂತೆ. ಮೇಸ್ತ್ರಿ ಅಷ್ಟರಲ್ಲಿ ಪಟ್ಟಿ ಬಿಚ್ಚಿ, "ಬಾರಮ್ಮ, ಗಂಗುಲಮ್ಮ ಅನ್ನೋದ್ರ ಮುಂದೆ ಒತ್ತು" ಎನ್ನುತ್ತಿದ್ದ. ಸೊಸೆಯ ಕೈಯಿಂದ ಪೊರಕೆ ಕಿತ್ತುಕೊಂಡು ಮನೆಗೆ ಕಳಿಸಿದ್ದನ್ನು ನನಗೆ ಹೇಳಿದ್ದು ನಾಗೇಂದ್ರ.

ಈ ಬೆಳಿಗ್ಗೆ ಗಾಡಿ ತುಂಬಿದ ಮೇಲೆ ಅವರು ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಾರೆ. ಇನ್ನು ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅವರು ಮಂಡಿ ನೀವಿಕೊಳ್ಳುತ್ತಾರೆ.

"ಕಾಲು ಇರೋಗಂಟ ಗುಡಿಸ್ತೀನಿ ಸಾ. ಆ ಹುಡ್ಗಿಗೆ ಸೈನ್ ಮಾಡಾಕೆ ಬತ್ತದೆ, ಅವ್ಳ ಹೆಸ್ರು ಅವ್ಳಿಗಿರ್ಲಿ. ನಮ್ಮತ್ತೆ ಪಾಪ, ಈ ಮುನ್ಸಿಪಾಲ್ಟೀಲಿ ಇನ್ನೂ ಸತ್ತಿಲ್ಲ. ನನ್ ಜೊತೆನಾದ್ರೂ ಸಾಯ್ಲಿ."